ತಾಳೆಮರಗಳು ನಿಂತ ಒಂದು ನಿಮಿಷ

ಬೆಳಿಗ್ಗೆ ಏಳೂಮುಕ್ಕಾಲಿಗೆ ನಾವು ಹೊರಟಾಗ ಗಾಳಿಯ ಸುಳಿವೇ ಇರಲಿಲ್ಲ. ರನ್‌ವೇ ಪಕ್ಕದ ಕಂಬಕ್ಕೆ ಕಟ್ಟಿದ ಗಾಳಿಚೀಲ ಒಣಹಾಕಿ ಮರೆತ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು. ಮಾರ್ಗಳಿ, ಅಂದರೆ ಧನುರ್ಮಾಸದ ಚಳಿ. ಏರ್ಕಾಡಿನ ಬೆಟ್ಟದ ಬುಡದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ರೆಕ್ಕೆಯ ಮೇಲಿನ ಇಬ್ಬನಿಯನ್ನು ಹಳೇ ಟವೆಲಿನಿಂದ ಒರೆಸಿ, ಎಂಜಿನ್ನಿನ ಆಯಿಲ್ ನೋಡಿ, ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ಇಂಧನ ಅಳೆದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು. ಎರಡು ಗಂಟೆ ನಲವತ್ತು ನಿಮಿಷ ಹಾರಲು ಸಾಕು. ನಮ್ಮ ಕೆಲಸ ಒಂದೂವರೆ ಗಂಟೆಯದು. ಬ್ಯಾರಲ್ ತೆರೆಸಿ ಇನ್ನಷ್ಟು ತುಂಬಿಸಬಹುದಿತ್ತು. ಬೇಡ, ಬಿಸಿಲೇರುವ ಮೊದಲು ಹೊರಡೋಣ ಎಂದುಕೊಂಡೆ.

ತೊಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಅದು. ಸೇಲಂನಿಂದ ಓಮಲೂರು ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಪುಟ್ಟ ಫ್ಲೈಯಿಂಗ್ ಸ್ಕೂಲ್ ಇತ್ತು. ಒಂದು ತಗಡಿನ ಶೆಡ್ಡು, ಮೂರು ವಿಮಾನ, ಅವುಗಳಲ್ಲಿ ಒಂದು ಯಾವಾಗಲೂ ಬಿಚ್ಚಿಟ್ಟ ಸ್ಥಿತಿಯಲ್ಲಿ. ಆಫೀಸಿನ ತಾರಸಿಯ ಮೇಲೆ ಗಾಜಿನ ಕಿಟಕಿಗಳ ಒಂದು ಕೋಣೆ. ಅದನ್ನೇ ನಾವು ಟವರ್ ಅನ್ನುತ್ತಿದ್ದೆವು. ನಾನು ಅಲ್ಲಿ ಸಹಾಯಕ ಇನ್‌ಸ್ಟ್ರಕ್ಟರ್. ವಯಸ್ಸು ಇಪ್ಪತ್ತೈದು. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು, ವಿಮಾನದೊಳಗೆ ಕೂತರೆ ಇಂಗ್ಲಿಷ್. ಕನ್ನಡ ಓದಿ ಬರೆಯುವುದನ್ನು ನಾನು ಕಲಿತದ್ದೇ ಆಮೇಲೆ, ಬೇರೆ ಊರಿಗೆ ಹೋದ ಮೇಲೆ.

ಅವತ್ತು ನನ್ನ ಬಲಗಡೆ ಸೀಟಿನಲ್ಲಿ ಕೂತಿದ್ದವರು ಎಡಪ್ಪಾಡಿಯ ಒಬ್ಬ ಫೋಟೋಗ್ರಾಫರ್. ಅರವತ್ತರ ಹತ್ತಿರದ ಮನುಷ್ಯ, ಮಗ್ಗದ ಮನೆತನ. ಮಗ್ಗ ಬಿಟ್ಟು ಸ್ಟುಡಿಯೋ ಹಾಕಿ ಮೂವತ್ತು ವರ್ಷವಾಗಿತ್ತು. ಮಳೆಗಾಲ ಮುಗಿದು ಧರ್ಮಪುರಿ ಕಡೆಯ ಕೆರೆಗಳು ತುಂಬಿದ್ದವು. ಯಾವ ಏರಿ ಎಲ್ಲಿ ಸವೆದಿದೆ, ನೀರು ಎಲ್ಲಿಯವರೆಗೆ ನಿಂತಿದೆ ಎಂಬುದನ್ನು ಮೇಲಿನಿಂದ ಫೋಟೋ ತೆಗೆಸಿ ನೋಡಬೇಕೆಂದು ಒಬ್ಬ ಎಂಜಿನಿಯರು ಇವರನ್ನು ಕಳಿಸಿದ್ದರು. ಅವರಿಗೆ ಅದು ಮೊದಲ ವಿಮಾನಯಾನ. ಬೆಲ್ಟ್ ಬಿಗಿಯುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

"ನೀನೇ ಓಡಿಸ್ತೀಯಾ ತಾಯಿ?"

"ಹೌದು ಅಣ್ಣಾ. ಬೇರೆ ಯಾರೂ ಇಲ್ಲ."

"ಕನ್ನಡದೋಳಾ ನೀನು! ಅಂಗಾದ್ರೆ ಸರಿ ಬುಡು," ಎಂದು ಕಾಲು ಚಾಚಿ ಕೂತರು. ಕನ್ನಡಕ್ಕೂ ವಿಮಾನ ಓಡಿಸುವುದಕ್ಕೂ ಏನು ಸಂಬಂಧ ಎಂದು ನನಗೆ ನಗು ಬಂತು.

ತೊಪ್ಪೂರು ಘಾಟಿ ದಾಟುವಾಗ ವಿಮಾನ ಅಲುಗಲಿಲ್ಲ. ಕೆಳಗೆ ಲಾರಿಗಳು ಸಾಲಾಗಿ ಏರುತ್ತಿದ್ದವು. ಕೆರೆಗಳು ಒಂದಾದ ಮೇಲೊಂದು ಕಾಣತೊಡಗಿದವು. ನಾನು ಬಲಕ್ಕೆ ವಾಲಿಸಿ ಸುತ್ತುವುದು, ಅವರು ಬಲಗಡೆ ಕಿಟಕಿಯನ್ನು ಮೇಲಕ್ಕೆತ್ತಿ ಕ್ಯಾಮೆರಾ ಹೊರಗೆ ಚಾಚಿ ಕ್ಲಿಕ್ಕಿಸುವುದು. ಚಳಿಗಾಳಿಗೆ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಒಂದು ಸಲವೂ ಕಿಟಕಿ ಮುಚ್ಚಲಿಲ್ಲ.

ಅದಿಯಮಾನ್‌ಕೋಟೆಯ ಕೆರೆಯ ಮೇಲೆ ಎರಡನೇ ಸುತ್ತು ಹಾಕುತ್ತಿದ್ದಾಗ ಅವರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನಾದರು. ಮುಖ ಬಿಳುಚಿತ್ತು. ವಾಂತಿ ಬರುತ್ತಿದೆಯೇನೋ ಎಂದು ಚೀಲ ಕೊಡಲು ಹೋದೆ.

"ಅದಲ್ಲ ತಾಯಿ. ರೋಲು ಚಕ್ರಕ್ಕೆ ಸಿಕ್ಕೇ ಇಲ್ಲ. ನಂಬರ್ ಓಡ್ತೈತೆ, ಫಿಲಮ್ಮು ನಿಂತಿರೋ ಕಡೆನೇ ನಿಂತೈತೆ. ಮೂವತ್ತು ವರ್ಸದಲ್ಲಿ ಇಂಗೆ ಆಗಿರ್ಲಿಲ್ಲ. ಕೈ ನಡುಗ್ತಿತ್ತು, ಸರ್ಯಾಗಿ ಆಕ್ಲಿಲ್ಲ ನಾನು."

ಕೈ ನಡುಗಿದ್ದು ವಿಮಾನ ಹತ್ತುವ ಭಯಕ್ಕೆ. ಅದನ್ನು ಒಪ್ಪಿಕೊಳ್ಳಲು ಅವರಿಗೆ ಎಷ್ಟು ನಾಚಿಕೆಯಾಯಿತೆಂದರೆ ನನ್ನ ಕಡೆ ತಿರುಗಲೇ ಇಲ್ಲ. ನಾನು ಗಡಿಯಾರ ನೋಡಿದೆ. ವಾಪಸು ಹೋಗಬೇಕಾದ ಹೊತ್ತು. ಇನ್ನೊಂದು ದಿನ ಬರೋಣ ಅನ್ನಬಹುದಿತ್ತು. ಆದರೆ ಬೆಳಕು ಚೆನ್ನಾಗಿತ್ತು, ನೀರು ಕನ್ನಡಿಯಂತಿತ್ತು, ಆ ಮನುಷ್ಯನ ಮುಖ ಹಾಗಿತ್ತು. "ಹೊಸ ರೋಲ್ ಹಾಕಿ ಅಣ್ಣಾ, ಮತ್ತೆ ತೆಗೆಯೋಣ," ಅಂದೆ. ಮತ್ತೆ ಎಲ್ಲ ಕೆರೆಗಳ ಮೇಲೂ ಸುತ್ತಿದೆವು. ಇಪ್ಪತ್ತೈದು ನಿಮಿಷ ಹೆಚ್ಚು ಹಿಡಿಯಿತು. ಆ ಇಪ್ಪತ್ತೈದು ನಿಮಿಷ ನನ್ನ ತೀರ್ಮಾನ. ಅದಕ್ಕೆ ಬೇರೆ ಯಾರನ್ನೂ ಹೊಣೆ ಮಾಡಲಾರೆ.

ಗಾಳಿ ಎದ್ದದ್ದು ಅಷ್ಟರೊಳಗೆ. ಮೊದಲು ಕಂಡದ್ದು ಕೊನೆಯ ಕೆರೆಯ ನೀರಿನ ಮೇಲೆ. ಕನ್ನಡಿಯಂತಿದ್ದ ನೀರಿನಲ್ಲಿ ಮೂಡಣದಿಂದ ಪಡುವಣಕ್ಕೆ ಬಿಳಿ ಗೆರೆಗಳು ಎದ್ದವು. ಎರಡು ದಿನದಿಂದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ಮಳೆ ಬರಲಿಲ್ಲವಲ್ಲ ಎಂದು ನಾವು ಮರೆತುಬಿಟ್ಟಿದ್ದೆವು. ತೊಪ್ಪೂರು ಘಾಟಿಯ ಮೇಲೆ ಬರುವಷ್ಟರಲ್ಲಿ ವಿಮಾನ ಕುಲುಕತೊಡಗಿತು. ನೇರ ದಕ್ಷಿಣಕ್ಕೆ ಹೋಗಬೇಕಾದರೆ ಮೂತಿಯನ್ನು ಎಡಕ್ಕೆ, ಬೆಟ್ಟದ ಕಡೆ ತಿರುಗಿಸಿಟ್ಟುಕೊಳ್ಳಬೇಕಾಯಿತು.

"ಇದೇನ್ ತಾಯಿ, ಲಾಳಿ ಒಡ್ದಂಗೆ ಅತ್ಲಾಗೆ ಇತ್ಲಾಗೆ ಒಡೀತೈತೆ?"

"ಗಾಳಿ ಅಣ್ಣಾ. ಬೆಲ್ಟ್ ಇನ್ನಷ್ಟು ಬಿಗಿ ಮಾಡ್ಕೊಳ್ಳಿ. ಕ್ಯಾಮೆರಾ ಚೀಲಕ್ಕೆ ಹಾಕಿ."

ಟವರಿಗೆ ಕರೆ ಮಾಡಿದೆ. ಅಲ್ಲಿ ಮೈಕ್ ಹಿಡಿಯುತ್ತಿದ್ದವರು ಮೇಚೇರಿಯವರು, ಐವತ್ತು ದಾಟಿದವರು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಸೈನ್ಯದ ಸಿಗ್ನಲ್ ವಿಭಾಗದಲ್ಲಿ ದುಡಿದು, ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ಎಲ್ಲರಿಗೂ ಅವರು ರೇಡಿಯೋ ಅಣ್ಣ. ನೆಲದ ಮೇಲೆ ನನ್ನ ಜೊತೆ ಮನೆಯ ಕನ್ನಡ ಮಾತಾಡುತ್ತಿದ್ದರು. ಮೈಕ್ ಮುಂದೆ ಮಾತ್ರ ಅಕ್ಷರ ತಪ್ಪದ ಇಂಗ್ಲಿಷ್. ಅವತ್ತೂ ಹಾಗೆಯೇ ಹೇಳಿದರು: ಗಾಳಿ ನೂರು ಡಿಗ್ರಿಯಿಂದ, ವೇಗ ಹದಿನೆಂಟು ನಾಟ್, ರಭಸ ಬಂದಾಗ ಇಪ್ಪತ್ತೆಂಟು.

ನಮ್ಮ ರನ್‌ವೇ ಹೆಚ್ಚುಕಡಿಮೆ ಈಶಾನ್ಯಕ್ಕೆ ಮುಖ ಮಾಡಿತ್ತು. ಗಾಳಿ ಬರುತ್ತಿದ್ದದ್ದು ಪೂರ್ವದಿಂದ, ಅಂದರೆ ಇಳಿಯುವಾಗ ಬಲಗಡೆಯ ಪಕ್ಕೆಗೆ ಬಡಿಯುವಂತೆ. ಎದುರು ಗಾಳಿ ವಿಮಾನಕ್ಕೆ ಮಿತ್ರ. ಪಕ್ಕದ ಗಾಳಿ ಹಾಗಲ್ಲ. ಇಳಿಯುವ ಹೊತ್ತಿನಲ್ಲಿ ಅದು ವಿಮಾನವನ್ನು ರನ್‌ವೇಯಿಂದಾಚೆ ತಳ್ಳುತ್ತದೆ. ನಮ್ಮ ವಿಮಾನದ ಪುಸ್ತಕದಲ್ಲಿ ಹದಿನೈದು ನಾಟ್ ಪಕ್ಕದ ಗಾಳಿಯವರೆಗೆ ಇಳಿಸಿ ತೋರಿಸಲಾಗಿದೆ ಎಂದು ಬರೆದಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸಾಧಾರಣ ಬೀಸಿದಾಗ ಅಂಚಿನಲ್ಲಿದ್ದೇನೆ. ರಭಸ ಬಂದಾಗ ಅಂಚಿನಿಂದ ಬಹಳ ಆಚೆ. ಜೊತೆಗೆ ಆ ಗಾಳಿ ಏರ್ಕಾಡಿನ ಸೇರ್ವರಾಯನ್ ಬೆಟ್ಟ ಹತ್ತಿಳಿದು ಮುರಿದುಕೊಂಡು ಬರುತ್ತಿತ್ತು, ಒಂದೇ ಸಮನೆ ಅಲ್ಲ.

ಇನ್ನು ನಲವತ್ತೈದು ನಿಮಿಷದ ಇಂಧನ. ಬೆಂಗಳೂರು ದೂರ, ಕೊಯಮತ್ತೂರೂ ದೂರ. ಇಲ್ಲೇ ಇಳಿಯಬೇಕು.

ಮೊದಲ ಸಲ ನಾನು ದಿನವೂ ಇಳಿಸುವ ರೀತಿಯಲ್ಲೇ ಬಂದೆ. ಅದೇ ತಪ್ಪಾಯಿತು. ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಹಲಗೆಗಳಿರುತ್ತವೆ, ಫ್ಲಾಪ್ ಅನ್ನುತ್ತಾರೆ; ನಿಧಾನವಾಗಿ ಇಳಿಯಲು ಅವು ಬೇಕು. ಅವನ್ನು ಪೂರ್ತಿ ಇಳಿಸಿದೆ. ಮೂತಿಯನ್ನು ಗಾಳಿಯ ಕಡೆ, ಬಲಕ್ಕೆ ತಿರುಗಿಸಿಟ್ಟುಕೊಂಡು ಏಡಿಯ ಹಾಗೆ ಓರೆಯಾಗಿ ರನ್‌ವೇ ಮೇಲೆ ಬಂದೆ. ನೆಲ ಇನ್ನೇನು ಹತ್ತು ಅಡಿ ಎನ್ನುವಾಗ ಎಡಗಾಲಿನಿಂದ ರಡ್ಡರ್ ಪೆಡಲ್ ಒತ್ತಿ ಮೂತಿ ನೇರ ಮಾಡಿದೆ. ಆ ಗಳಿಗೆಯಲ್ಲೇ ರಭಸ ಬಂತು. ಪೂರ್ತಿ ಇಳಿದಿದ್ದ ಫ್ಲಾಪ್‌ಗೆ ಗಾಳಿ ಸಿಕ್ಕಿ ವಿಮಾನ ಮೇಲಕ್ಕೆದ್ದಿತು. ನೋಡುನೋಡುತ್ತಿದ್ದಂತೆ ಬಿಳಿ ನಡುಗೆರೆ ನನ್ನ ಬಲಕ್ಕೆ ಸರಿಯಿತು. ಚಕ್ರದ ಕೆಳಗೆ ಡಾಂಬರು ಹೋಗಿ ಹುಲ್ಲು ಬಂತು. ಎಂಜಿನ್ನಿಗೆ ಜೋರು ಕೊಡುವ ಥ್ರಾಟಲ್ ಪೂರ್ತಿ ತಳ್ಳಿದೆ. ಫ್ಲಾಪ್ ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಳ್ಳುತ್ತಾ ಮೇಲಕ್ಕೇರಿದೆ.

"ಇಳೀಲಿಲ್ವಾ?" ಎಂದರು ಫೋಟೋಗ್ರಾಫರ್.

"ಇಲ್ಲ ಅಣ್ಣಾ. ಇನ್ನೊಂದು ಸಲ."

ರೇಡಿಯೋದಲ್ಲಿ ಈಗ ಬೇರೆ ದನಿ. ಚೀಫ್ ಸಾರ್ ತಾರಸಿಗೆ ಓಡಿಬಂದು ಮೈಕ್ ತೆಗೆದುಕೊಂಡಿದ್ದರು.

ಚೀಫ್ ಸಾರ್ ನಮ್ಮ ಸ್ಕೂಲಿನ ಮುಖ್ಯ ಇನ್‌ಸ್ಟ್ರಕ್ಟರ್. ವಾಯುಸೇನೆಯಲ್ಲಿ ಇಪ್ಪತ್ತೆರಡು ವರ್ಷ ಹಾರಿದವರು. ನನಗೆ ಹಾರಲು ಕಲಿಸಿದವರು ಅವರೇ. ಹೆಣ್ಣುಮಗಳಿಗೆ ಯಾಕೆ ಇದೆಲ್ಲ ಎಂದು ಕೇಳಿದವರಿಗೆಲ್ಲ ನನ್ನ ಪರವಾಗಿ ಜಗಳವಾಡಿದವರೂ ಅವರೇ. ಪಕ್ಕದ ಸೀಟಿನಲ್ಲಿ ಅವರಿದ್ದರೆ ನನಗೆ ಭಯವೆಂಬುದೇ ಇರುತ್ತಿರಲಿಲ್ಲ. ಅವರ ದನಿ ಕೇಳಿದ್ದೇ ತಡ, ನನ್ನ ಭುಜ ಹಗುರವಾಯಿತು. ಇನ್ನು ಅವರು ಹೇಳುತ್ತಾರೆ, ನಾನು ಮಾಡುತ್ತೇನೆ, ಇಳಿಯುತ್ತೇನೆ.

ಎರಡನೇ ಸಲ ಬಂದೆ. ಅವರು ಕಿಟಕಿಯಿಂದ ನೋಡುತ್ತಾ ಎಡೆಬಿಡದೆ ಹೇಳುತ್ತಿದ್ದರು. "ರೈಟ್ ವಿಂಗ್ ಡೌನ್. ಇನ್ನೂ. ಲೆಫ್ಟ್ ರಡ್ಡರ್. ಪವರ್, ಪವರ್! ಕೊಂಜಂ ಕಮ್ಮಿ ಮಾಡು. ರಡ್ಡರ್!" ಹೇಳಿದ್ದೆಲ್ಲ ಸರಿಯೇ. ಆದರೆ ಅವರ ಕಣ್ಣಿಗೆ ಬಿದ್ದದ್ದು ಮಾತಾಗಿ, ಮಾತು ನನ್ನ ಕಿವಿಗೆ ಬಿದ್ದು, ಕಿವಿಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ಗಾಳಿ ಬದಲಾಗಿರುತ್ತಿತ್ತು. ನನ್ನ ಕೈಕಾಲು ವಿಮಾನದ ಮಾತು ಕೇಳುವುದನ್ನು ಬಿಟ್ಟು ಅವರ ಮಾತು ಕೇಳತೊಡಗಿದ್ದವು. ನೆಲದ ಹತ್ತಿರ "ರಡ್ಡರ್!" ಎಂದು ಕೂಗಿದರು, ಒತ್ತಿದೆ. ಅಷ್ಟರಲ್ಲಿ ಗಾಳಿ ಥಟ್ಟನೆ ನಿಂತಿತ್ತು. ಮೂತಿ ಎಡಕ್ಕೆ ತಿರುಗಿತು, ವಿಮಾನ ಕಲ್ಲಿನಂತೆ ಬಿತ್ತು. ಬಲಚಕ್ರ ಬಡಿದು ಪುಟಿದೆವು. ಮತ್ತೆ ಗಾಳಿ ಬಂದು ಬಲರೆಕ್ಕೆಯನ್ನು ಎತ್ತಿತು. ಎಡರೆಕ್ಕೆಯ ತುದಿ ಹುಲ್ಲಿಗೆ ಎಷ್ಟು ಹತ್ತಿರ ಹೋಯಿತೆಂದರೆ ಅದರ ನೆರಳು ರೆಕ್ಕೆಯನ್ನು ಮುಟ್ಟಿದಂತೆ ಕಂಡಿತು.

ಥ್ರಾಟಲ್. ಮೇಲಕ್ಕೆ.

ಐನೂರು ಅಡಿ ಏರಿದ ಮೇಲೆ ಇಂಧನದ ಮುಳ್ಳು ನೋಡಿದೆ. ಫೋಟೋಗ್ರಾಫರ್ ಕೂಡ ಅದನ್ನೇ ನೋಡುತ್ತಿದ್ದರು. ಅವರು ಕ್ಯಾಮೆರಾ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡಿದ್ದರು.

"ತಾಯಿ, ನಾನ್ ಒಂದ್ ಮಾತ್ ಏಳ್ಲಾ?"

"ಹೇಳಿ ಅಣ್ಣಾ."

"ನಾನಿಲ್ಲಿ ಇಲ್ಲ ಅಂದ್ಕೋ. ಮುದುಕನ ಬದುಕು, ಅದ್ರ ಬಾರ ನಿನ್ನ ತಲೆಮೇಲೆ ಬ್ಯಾಡ. ನೀನು ನಿನ್ ಕೆಲ್ಸ ನೋಡ್ಕೋ."

ಮೂವತ್ತು ನಿಮಿಷಕ್ಕಿಂತ ಕಡಿಮೆ ಇಂಧನವಿತ್ತು. "ಮತ್ತೆ ಬಾ. ಈ ಸಲ ನಾನು ಹೇಳಿದ ಕೂಡಲೇ ಮಾಡಬೇಕು," ಎಂದು ಚೀಫ್ ಸಾರ್ ಹೇಳುತ್ತಿದ್ದರು. ಅವರ ದನಿಯಲ್ಲಿ ನಾನು ಎಂದೂ ಕೇಳಿರದ ಒಂದು ನಡುಕ. ಅವರು ಮೈಕಿನ ಗುಂಡಿ ಒತ್ತಿಹಿಡಿದಿದ್ದಾಗ ಹಿಂದಿನಿಂದ ರೇಡಿಯೋ ಅಣ್ಣನ ಮಾತೊಂದು ತೂರಿಬಂತು. ತಮ್ಮಷ್ಟಕ್ಕೆ ಅಂದುಕೊಂಡಂತೆ, ಕನ್ನಡದಲ್ಲಿ: "ಪನೆಮರ ಇನ್ನೂ ಆಡ್ತೈತೆ. ಈಗ ಕರೀಬಾರ್ದು."

ಪನೆಮರ ಅಂದರೆ ತಾಳೆಮರ. ನಾನು ಬಲಕ್ಕೆ ನೋಡಿದೆ. ರನ್‌ವೇಗೆ ಪೂರ್ವದಲ್ಲಿ, ಒಂದು ಕಿಲೋಮೀಟರ್ ಆಚೆ ಒಂದು ಕೆರೆ. ಅದರ ಏರಿಯ ಮೇಲೆ ಇಪ್ಪತ್ತು ಮೂವತ್ತು ತಾಳೆಮರಗಳ ಸಾಲು. ದಿನವೂ ನೋಡಿದ್ದೆ, ಎಂದೂ ನೋಡಿರಲಿಲ್ಲ. ಅವುಗಳ ತಲೆಗಳೆಲ್ಲ ಪಡುವಣಕ್ಕೆ ಬಾಗಿ ಒದ್ದಾಡುತ್ತಿದ್ದವು. ನಾನು ನೋಡುತ್ತಿದ್ದಂತೆಯೇ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಣ್ಣಗಾಗಿ ನೆಟ್ಟಗೆ ನಿಂತವು. ವಿಮಾನ ಇನ್ನೂ ಕುಲುಕುತ್ತಿತ್ತು. ಗಡಿಯಾರ ನೋಡಿದೆ. ಒಂದು ನಿಮಿಷ ಕಳೆದು ಸ್ವಲ್ಪಕ್ಕೆ ನಮ್ಮ ಕೆಳಗಿನ ಗಾಳಿಚೀಲವೂ ಇಳಿಯಿತು.

ಗಾಳಿ ಮೊದಲು ಅಲ್ಲಿಗೆ ಬರುತ್ತದೆ. ಆಮೇಲೆ ನಮಗೆ. ರೇಡಿಯೋ ಅಣ್ಣ ಅದನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

ಮುಂದೆ ಮಾಡಿದ್ದನ್ನು ಮಾಡಲು ನನಗೆ ಗಾಳಿಗಿಂತ ಹೆಚ್ಚು ಭಯವಾಯಿತು. ಗುಂಡಿ ಒತ್ತಿ ಹೇಳಿದೆ: "ಸಾರ್, ದಯವಿಟ್ಟು ಮೈಕ್ ರೇಡಿಯೋ ಅಣ್ಣನಿಗೆ ಕೊಡಿ. ನೀವು ಮಾತಾಡಬೇಡಿ. ನನಗೆ ಈಗ ಗಾಳಿ ಒಂದೇ ಬೇಕು. ವಿಮಾನ ನಾನು ನೋಡಿಕೊಳ್ಳುತ್ತೇನೆ."

ರೇಡಿಯೋದಲ್ಲಿ ಗರಗರ ಶಬ್ದ ಮಾತ್ರ. ಅವರು ನನಗೆ ಕಲಿಸಿದ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಅವರಿಗೆ ಎದುರಾಡಿರಲಿಲ್ಲ. ನಾನು ಸುತ್ತಿನ ಅರ್ಧ ಮುಗಿಸಿದೆ. ಆಮೇಲೆ ರೇಡಿಯೋ ಅಣ್ಣ ಗಂಟಲು ಸರಿಮಾಡಿಕೊಂಡ ಸದ್ದು.

"ಅಮ್ಮಣಿ, ನಾನು ಮಾತಾಡ್ತಿರೋದು. ಏಳು, ಏನ್ ಏಳ್ಬೇಕು?"

"ಅಣ್ಣಾ, ಪನೆಮರ ನೋಡ್ತಾ ಇರಿ. ನಿಂತ ತಕ್ಷಣ ಹೇಳಿ. ಮತ್ತೆ ಆಡೋಕೆ ಶುರುವಾದ್ರೂ ಹೇಳಿ. ಬೇರೇನೂ ಬೇಡ."

"ಆಗ್ಲಿ ಅಮ್ಮಣಿ."

ಇಂಗ್ಲಿಷಿನ ನಿಯಮವೆಲ್ಲ ಎಲ್ಲಿಗೋ ಹೋಗಿತ್ತು. ನಮ್ಮಿಬ್ಬರಿಗೂ ಅದರ ಪರಿವೆಯಿರಲಿಲ್ಲ.

ಮೂರನೇ ಸಲಕ್ಕೆ ಎಲ್ಲವನ್ನೂ ಬದಲಿಸಿದೆ. ಫ್ಲಾಪ್ ಹತ್ತು ಡಿಗ್ರಿ ಮಾತ್ರ, ಗಾಳಿಗೆ ಹಿಡಿಯಲು ಹೆಚ್ಚು ಸಿಗದಂತೆ. ವೇಗ ಅರವತ್ತೈದರ ಬದಲು ಎಪ್ಪತ್ತು ನಾಟ್, ಗಾಳಿ ಥಟ್ಟನೆ ನಿಂತರೂ ಕುಸಿಯದಂತೆ. ಕೊನೆಯ ಹತ್ತು ಅಡಿಯವರೆಗೆ ಓರೆಯಾಗಿ ಬಂದು ಆಮೇಲೆ ನೇರ ಮಾಡುವ ಸಾಹಸ ಬೇಡ. ಮುನ್ನೂರು ಅಡಿಯಲ್ಲೇ ಬಲರೆಕ್ಕೆ ತಗ್ಗಿಸಿ, ಎಡ ರಡ್ಡರಿನಿಂದ ಮೂತಿಯನ್ನು ನಡುಗೆರೆಗೆ ನೇರ ಹಿಡಿಯುತ್ತೇನೆ. ಎಡಗಾಲು ಕೊನೆಯವರೆಗೆ ಒತ್ತಿದರೂ ಮೂತಿ ನೇರವಾಗದಿದ್ದರೆ, ಗಾಳಿ ಈ ವಿಮಾನದ ಶಕ್ತಿ ಮೀರಿದೆ ಎಂದರ್ಥ. ಆಗ ಇಳಿಯಲು ಯತ್ನಿಸಬಾರದು, ಏರಿಬಿಡಬೇಕು. ಅದನ್ನು ಮುನ್ನೂರು ಅಡಿಯಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು, ಮೂರು ಅಡಿಯಲ್ಲಲ್ಲ.

ತಿರುಗಿ ರನ್‌ವೇಗೆ ಮುಖ ಮಾಡಿ ಇಳಿಯತೊಡಗಿದೆ. ನಾನೂರು ಅಡಿ. "ಬ್ಯಾಡ ಅಮ್ಮಣಿ," ಎಂದರು. "ಆಡೋಕೆ ಸುರು ಆಯ್ತು. ಓಗು, ಇನ್ನೊಂದು ಸುತ್ತು ಓಗಿ ಬಾ." ನನ್ನ ಕಣ್ಣಿಗೆ ರನ್‌ವೇ ಶಾಂತವಾಗಿ ಕಾಣುತ್ತಿತ್ತು. ಗಾಳಿಚೀಲ ಕೂಡ ಅರ್ಧ ಇಳಿದಿತ್ತು. ಇಪ್ಪತ್ತು ನಿಮಿಷದ ಇಂಧನ ಇಟ್ಟುಕೊಂಡು, ಕಣ್ಣೆದುರಿನ ರನ್‌ವೇ ಬಿಟ್ಟು ಏರುವುದೆಂದರೆ ಹಸಿದವರು ಎಲೆ ಮುಂದಿನಿಂದ ಎದ್ದಂತೆ. ಆದರೂ ಎದ್ದೆ. ಒಂದು ನಿಮಿಷ ಕಳೆಯುವುದರೊಳಗೆ ಬಂದ ಹೊಡೆತಕ್ಕೆ ಫೋಟೋಗ್ರಾಫರರ ತಲೆ ಪಕ್ಕದ ಕಿಟಕಿಗೆ ಬಡಿಯಿತು. ಅದು ನೆಲದ ಹತ್ತಿರ ಬಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮತ್ತೊಂದು ಸುತ್ತು. ಈ ಸಲ ಸುತ್ತನ್ನು ಸ್ವಲ್ಪ ಹಿಗ್ಗಿಸಿ, ಮರಗಳು ನಿಲ್ಲುವುದನ್ನು ಕಾಯುತ್ತಾ ಬಂದೆ.

"ಇನ್ನೂ ಐತೆ... ಇನ್ನೂ ಐತೆ... ಅಮ್ಮಣಿ, ಅಡಗ್ತಾ ಐತೆ... ನಿಂತ್ಕೋತು. ಬಾ. ಈಗ ಬಾ."

ಮುನ್ನೂರು ಅಡಿ. ಬಲರೆಕ್ಕೆ ತಗ್ಗಿಸಿ ಎಡಗಾಲು ಒತ್ತಿದೆ. ರಭಸದ ಬಾಲ ಇನ್ನೂ ನಮ್ಮ ಮೇಲೆಯೇ ಇತ್ತು. ಕಾಲು ಕೊನೆ ಮುಟ್ಟಿತು, ಮೂತಿ ಇನ್ನೂ ಬಲಕ್ಕೇ ಇತ್ತು. ಆಗಲಿಲ್ಲ ಅಂದುಕೊಂಡೆ. ಇನ್ನೂರೈವತ್ತು. ಇನ್ನೂರು. ಥ್ರಾಟಲ್ ಮೇಲಿನ ಕೈ ಮುಂದಕ್ಕೆ ತಳ್ಳಲು ಬಿಗಿಯಾಯಿತು. ಅಷ್ಟರಲ್ಲಿ ಕಾಲಿನ ಕೆಳಗೆ ರಡ್ಡರ್ ಸಡಿಲವಾಯಿತು. ಸ್ವಲ್ಪ, ಒಂದು ಬೆರಳಿನಷ್ಟು. ಮೂತಿ ತಾನೇ ಬಂದು ನಡುಗೆರೆಯ ಮೇಲೆ ನಿಂತಿತು.

"ಇನ್ನೂ ನಿಂತೈತೆ ಅಮ್ಮಣಿ."

ಒಂದು ರೆಕ್ಕೆ ತಗ್ಗಿಸಿಕೊಂಡು, ಒಂದು ಭುಜ ಇಳಿಸಿ ನೀರು ಹೊತ್ತವರ ಹಾಗೆ, ವಿಮಾನ ನೆಲದ ಕಡೆ ಬಂತು. ರೆಕ್ಕೆಯನ್ನು ಸಮ ಮಾಡಬೇಕೆಂದು ಕೈ ಎಷ್ಟು ತವಕಿಸಿತೋ. ಮಾಡಲಿಲ್ಲ. ಬಲಚಕ್ರ ಒಂದೇ ಮೊದಲು ಮುಟ್ಟಿತು, ಮೆಲ್ಲಗೆ ಕಿರ್ ಎಂದಿತು. ಒಂದೇ ಚಕ್ರದ ಮೇಲೆ ಎಷ್ಟೋ ದೂರ ಓಡಿದಂತೆ ಅನಿಸಿತು. ಆಮೇಲೆ ಎಡಚಕ್ರ. ಕೊನೆಗೆ ಮೂತಿಯ ಚಕ್ರ. ವೇಗ ಇಳಿದಂತೆಲ್ಲ ಸ್ಟಿಯರಿಂಗನ್ನು ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿಸುತ್ತಾ ಹೋದೆ. ನೆಲದ ಮೇಲೂ ಗಾಳಿ ಬಲರೆಕ್ಕೆಯನ್ನು ಎತ್ತದಿರಲಿ ಎಂದು.

"ಮತ್ತೆ ಸುರು ಆಯ್ತು ಅಮ್ಮಣಿ, ಪನೆಮರ ಬಾಗ್ತಾ ಐತೆ. ಅಲ್ಲೇ ನಿಲ್ಲು. ಸೆಡ್ಡಿನ ಕಡೆ ತಿರುಗಿಸ್ಬ್ಯಾಡ."

ರೆಕ್ಕೆ ಮೇಲಿರುವ ಹಗುರ ವಿಮಾನ ನೆಲದ ಮೇಲೆ ಗಾಳಿಗೆ ಬೆನ್ನು ಕೊಟ್ಟರೆ ಕೊಡೆಯ ಹಾಗೆ ಮಗುಚಿಕೊಳ್ಳುತ್ತದೆ. ಶೆಡ್ಡು ಇದ್ದದ್ದು ಹಿಂದುಗಡೆ. ಮೂತಿಯನ್ನು ಗಾಳಿಯ ಕಡೆ ತಿರುಗಿಸಿ, ಬ್ರೇಕ್ ಹಿಡಿದು, ರನ್‌ವೇ ನಡುವೆಯೇ ನಿಂತೆ. ಒಂದು ನಿಮಿಷದೊಳಗೆ ಹೊಡೆತ ಬಂತು. ಬ್ರೇಕ್ ಹಿಡಿದಿದ್ದರೂ ವಿಮಾನ ಹಿಂದಕ್ಕೆ ಜಗ್ಗಿತು. ನಾನು ಫೋಟೋಗ್ರಾಫರ್ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಅಣ್ಣಾ, ಇಳಿದಾಯ್ತು."

ಅವರು ಕಣ್ಣು ಬಿಟ್ಟು, ಕೆಳಗಿನ ಡಾಂಬರು ನೋಡಿ, ಚಿಕ್ಕ ಹುಡುಗನ ಹಾಗೆ ಮೂಗು ಒರೆಸಿಕೊಂಡರು. "ನಿಮ್ಮಮ್ಮ ಚೆನ್ನಾಗಿರ್ಲಿ," ಅಂದರು.

ಶೆಡ್ಡಿನ ಕಡೆಯಿಂದ ಐದು ಜನ ಓಡಿ ಬರುತ್ತಿದ್ದರು. ಮುಂದೆ ಮೆಕ್ಯಾನಿಕ್, ಹೆಗಲ ಮೇಲೆ ಹಗ್ಗ. ಹಿಂದೆ ಕಾವಲುಗಾರ, ಆಫೀಸಿನ ಗುಮಾಸ್ತ, ಏದುಸಿರು ಬಿಡುತ್ತಾ ರೇಡಿಯೋ ಅಣ್ಣ. ಎಲ್ಲರಿಗಿಂತ ಹಿಂದೆ, ಓಡದೆ ಬಿರಬಿರನೆ ನಡೆಯುತ್ತಾ ಚೀಫ್ ಸಾರ್. ಎಂಜಿನ್ ಆರಿಸಿ ಇಳಿದೆ. ರೆಕ್ಕೆಗೆ ಆನಿಸಿದ ಕಂಬಿ ಹಿಡಿದು ನಿಂತೆ.

ಆ ಸ್ಕೂಲು ಆಮೇಲೆ ಎರಡು ಮೂರು ವರ್ಷ ನಡೆದು ಮುಚ್ಚಿಹೋಯಿತು. ಶೆಡ್ಡಿನ ತಗಡು ಯಾರೋ ಕಿತ್ತುಕೊಂಡು ಹೋದರು. ರೇಡಿಯೋ ಅಣ್ಣ ಮೇಚೇರಿಗೆ ಮರಳಿ ಕುರಿಗಳ ನಡುವೆ ಕೊನೆಯವರೆಗೂ ಇದ್ದರು. ಎಡಪ್ಪಾಡಿಯವರು ಆ ಕೆರೆಗಳ ಒಂದು ದೊಡ್ಡ ಫೋಟೋ ನನಗೆ ಕಳಿಸಿದರು. ನೀರಿನ ಮೇಲೆ ಬಿಳಿ ಗೆರೆಗಳು ಏಳುತ್ತಿರುವ ಫೋಟೋ. ನಾನು ದೊಡ್ಡ ವಿಮಾನಗಳಿಗೆ ಹೋದೆ. ದೊಡ್ಡ ಊರುಗಳ ಟವರ್‌ಗಳಲ್ಲಿ ಯಾವ ದನಿಯೂ ನನ್ನನ್ನು ಅಮ್ಮಣಿ ಎಂದು ಕರೆಯಲಿಲ್ಲ. ಒಮ್ಮೊಮ್ಮೆ ರನ್‌ವೇ ಎದುರಿಗೆ ಕಂಡಾಗ, ಆ ಪಕ್ಕ ಮರಗಳಿವೆಯೇ ಎಂದು ಕಣ್ಣು ತಾನಾಗಿಯೇ ಹುಡುಕುತ್ತದೆ.

ಆದರೆ ಅವತ್ತು ನಮಗಿದ್ದ ಕೆಲಸ ಒಂದೇ, ವಿಮಾನವನ್ನು ಶೆಡ್ಡಿಗೆ ಸೇರಿಸುವುದು. ಎರಡೂ ರೆಕ್ಕೆಗಳ ಕಂಬಿಗಳಿಗೆ ಜನ ಜೋತುಬಿದ್ದೆವು. ಗಾಳಿ ಬಂದಾಗ ನಿಲ್ಲುವುದು, ಅಡಗಿದಾಗ ಹತ್ತು ಹೆಜ್ಜೆ ತಳ್ಳುವುದು. ಮೂತಿ ಮಾತ್ರ ಗಾಳಿಯ ಕಡೆಗೇ ಇರಬೇಕು. ಕುಳಿತುಕೊಳ್ಳಿ ಎಂದರೂ ಕೇಳದೆ ಫೋಟೋಗ್ರಾಫರ್ ಬಾಲ ಹಿಡಿದರು. ಬಲರೆಕ್ಕೆಯ ಬಳಿ ನಾನು, ನನ್ನ ಪಕ್ಕದಲ್ಲಿ ಚೀಫ್ ಸಾರ್. ಅವರು ಬಂದಾಗಿನಿಂದ ನನ್ನ ಮುಖ ನೋಡಿರಲಿಲ್ಲ. ಅರ್ಧ ದಾರಿ ಕಳೆದ ಮೇಲೆ, ಎದುರಿನ ಹುಲ್ಲನ್ನೇ ನೋಡುತ್ತಾ ಕೇಳಿದರು.

"ನಾನ್ ರೊಂಬ ಪೇಸೀಟ್ಟೇನಾ?"

ನಾನು ಬಹಳ ಮಾತಾಡಿಬಿಟ್ಟೆನಾ ಎಂದು. ಇಲ್ಲ ಸಾರ್ ಎನ್ನುವುದು ಸುಲಭವಿತ್ತು.

"ಆಮಾ ಸಾರ್," ಅಂದೆ. ಹೌದು.

ಅವರು ತಲೆಯಾಡಿಸಿದರು. ಹತ್ತು ಹೆಜ್ಜೆ ತಳ್ಳಿದೆವು. ನಿಂತೆವು. ಆಗ ಅವತ್ತಿನ ಎಲ್ಲಕ್ಕಿಂತ ದೊಡ್ಡ ಹೊಡೆತವೊಂದು ಬಂತು. ಎಲ್ಲರೂ ಕಂಬಿಗೆ ಜೋತುಬಿದ್ದೆವು. ಚೀಫ್ ಸಾರ್ ಅವರ ಟೋಪಿ ಹಾರಿತು. ಅವರ ತಲೆಯಲ್ಲಿ ಕೂದಲಿಲ್ಲವೆಂದು ನಮಗೆ ಗೊತ್ತಾದದ್ದೇ ಆಗ. ಟೋಪಿ ಡಾಂಬರಿನ ಮೇಲೆ ಬಿದ್ದು, ಚಕ್ರದಂತೆ ಉರುಳುತ್ತಾ ರನ್‌ವೇ ದಾಟಿತು. ಗುಮಾಸ್ತ ಅದರ ಹಿಂದೆ ಓಡಲು ಒಂದು ಕೈ ಬಿಟ್ಟ.

"ಪೋಗಟ್ಟುಂ!" ಎಂದು ಚೀಫ್ ಸಾರ್ ಗಾಳಿಯನ್ನು ಮೀರಿ ಕೂಗಿದರು. "ಹೋಗಲಿ ಅದು! ರೆಕ್ಕೆ ಬಿಡಬೇಡಿ!"

ಯಾರೂ ಬಿಡಲಿಲ್ಲ. ಏಳು ಜನ ವಿಮಾನಕ್ಕೆ ನೇತಾಡುತ್ತಾ, ಟೋಪಿ ಹುಲ್ಲು ದಾಟಿ, ತಂತಿಬೇಲಿಯ ಕೆಳಗೆ ನುಸುಳಿ, ಕಡಲೆಕಾಯಿ ಹೊಲದೊಳಗೆ ಮರೆಯಾಗುವವರೆಗೂ ನೋಡುತ್ತಾ ನಿಂತೆವು. ಮೊದಲು ನಕ್ಕವರು ಚೀಫ್ ಸಾರ್.